ಅಳಿಸುವ ಕೈ

ನನ್ನ ಗಂಡ ಎಚ್ಚರವಾಗಿದ್ದಾಗಲೂ ನಿದ್ದೆಯಲ್ಲಿರುವಂತೆ ಕಾಣುವ ಮನುಷ್ಯ. ನಿಜವಾಗಿ ನಿದ್ದೆ ಹೋದಾಗ ಮಾತ್ರ ಹುಬ್ಬು ಗಂಟಿಕ್ಕಿಕೊಂಡು, ಏನೋ ದೊಡ್ಡ ಕೆಲಸ ತಲೆ ಮೇಲೆ ಬಿದ್ದವರ ಹಾಗೆ ಕಾಣುತ್ತಾರೆ. ಕಾರು ರಿಪೇರಿ ಅವರ ಕೆಲಸ. ನಮ್ಮ ಬೀದಿಯಲ್ಲಿ ಅವರಿಗೆ ಮಂಪರು ಮೇಸ್ತ್ರಿ ಎಂದೇ ಹೆಸರು. ಹಾಗೆ ಕರೆದವರ ಜೊತೆ ಮೊದಮೊದಲು ನಾನು ಕಾಲು ಕೆದರಿ ಜಗಳಕ್ಕೆ ನಿಲ್ಲುತ್ತಿದ್ದೆ. ಎರಡು ವರ್ಷ ಕಳೆಯುವಷ್ಟರಲ್ಲಿ ನಾನೇ ನಮ್ಮ ಶೆಡ್ಡಿನ ಮುಂದಿನ ಟೈರ್ ಅಂಗಡಿಯವನಿಗೆ ಫೋನ್ ಮಾಡಿ, "ಮಂಪರು ಅಲ್ಲಿದ್ದಾರಾ ನೋಡಪ್ಪ" ಎನ್ನುತ್ತಿದ್ದೆ.

ಮದುವೆಗೆ ಮೊದಲು ಅವರು ನಮ್ಮ ಮನೆಗೆ ಬಂದಿದ್ದು ಅಣ್ಣನ ಜೊತೆ. ಕುರ್ಚಿಯಲ್ಲಿ ಕೂತರು, ನಾನು ಕಾಫಿ ತಂದಿಟ್ಟೆ, ಅವರು ಕಣ್ಣು ಮುಚ್ಚಿದರು. ನನಗೆ ಮೈಯೆಲ್ಲ ಉರಿಯಿತು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದು, ಮೇಲೆ ನೋಡದೆಯೇ, "ನಿಮ್ಮ ಫ್ಯಾನಿನ ಬುಷ್ ಸವೆದಿದೆ. ಇನ್ನೊಂದು ತಿಂಗಳು ತಿರುಗಬಹುದು" ಎಂದರು. ಇಪ್ಪತ್ತೊಂಬತ್ತನೇ ದಿನ ಫ್ಯಾನು ನಿಂತಿತು. ಮೂವತ್ತನೇ ದಿನ ನಾನು ಮದುವೆಗೆ ಒಪ್ಪಿದೆ. "ಫ್ಯಾನ್ ನೋಡ್ಕೊಂಡು ಗಂಡನ್ನ ಒಪ್ಪಿದೋಳು ಪ್ರಪಂಚದಲ್ಲಿ ನೀನೊಬ್ಬಳೇ ಕಣೆ ಪುಟ್ಟಿ" ಎಂದು ಅಣ್ಣ ಇವತ್ತಿಗೂ ಆಡಿಕೊಳ್ಳುತ್ತಾನೆ.

ಅಣ್ಣನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯ ನೋವೆಲ್ಲ ಅವನದು. ನನಗೆ ಅಪ್ಪನ ಮುಖ ಸರಿಯಾಗಿ ನೆನಪಿಲ್ಲ. ಅಪ್ಪ ಎಂದರೆ ನನಗೆ ನೆನಪಾಗುವುದು ಅಣ್ಣನ ಸೈಕಲ್ಲಿನ ಮುಂದಿನ ಬಾರು, ಅದಕ್ಕೆ ಸುತ್ತಿದ್ದ ಹಳೆಯ ಟವೆಲ್ಲು, ತಲೆಯ ಮೇಲೆ ತಾಗುತ್ತಿದ್ದ ಅವನ ಗದ್ದ. ಹದಿನೆಂಟಕ್ಕೆ ಓದು ಬಿಟ್ಟು ಲೈಸೆನ್ಸ್ ಮಾಡಿಸಿಕೊಂಡ. ಇಪ್ಪತ್ತೆರಡು ವರ್ಷದಿಂದ ಒಂದೇ ನರ್ಸಿಂಗ್ ಹೋಮಿನಲ್ಲಿ ಡ್ರೈವರು. ಕೈಲಾಗದ ಹಿರಿಯರನ್ನು ಮನೆಯಿಂದ ಕರೆತರುವುದು, ಲ್ಯಾಬಿಗೆ ಕರೆದೊಯ್ಯುವುದು, ಮತ್ತೆ ಮನೆ ಮುಟ್ಟಿಸುವುದು ಅವನ ಕೆಲಸ. ಗಾಡಿಗೆ ಒಂದು ಗೀರು ಬಿದ್ದದ್ದಿಲ್ಲ. ಅಜ್ಜಿಯರು ಇಳಿಯುವಾಗ ಅವನ ಗಲ್ಲ ಸವರಿ ಹೋಗುತ್ತಿದ್ದರು.

ಇನ್ನು ನಮ್ಮ ಶೆಡ್ಡು. ಟೈರ್ ಅಂಗಡಿಯ ಹಿಂದೆ, ಓಣಿ ಮುಗಿಯುವಲ್ಲಿ ಇದೆ. ತಗಡಿನ ಮಾಡು, ಅದರ ನಡುವೆ ಬೆಳಕಿಗೆಂದು ಹಾಕಿದ ಒಂದೇ ಒಂದು ಪಾರದರ್ಶಕ ಶೀಟು. ಬೆಳಗ್ಗೆ ಹತ್ತಕ್ಕೆ ಅದರಿಂದ ಇಳಿಯುವ ಬಿಸಿಲು ನನ್ನ ಹೊಲಿಗೆ ಮೆಷೀನಿನ ಮೇಲಿರುತ್ತದೆ. ಮಧ್ಯಾಹ್ನಕ್ಕೆ ನೆಲ ದಾಟಿ, ಸಂಜೆ ನಾಲ್ಕಕ್ಕೆ ಇವರ ಮೇಜು ಹತ್ತುತ್ತದೆ. ನಾನು ಕಾರಿನ ಸೀಟ್ ಕವರು ಹೊಲಿಯುತ್ತೇನೆ. ಬೆಳಗಿನ ಬಿಸಿಲು ನನ್ನದು, ಸಂಜೆಯದು ಅವರದು. ಈ ಒಪ್ಪಂದವನ್ನು ನಾವಿಬ್ಬರೂ ಬಾಯಿಬಿಟ್ಟು ಮಾಡಿಕೊಂಡದ್ದಲ್ಲ. ಬಿಸಿಲಿನ ಪಟ್ಟಿಯಲ್ಲಿ ನೂಲಿನ ಎಳೆ, ಧೂಳು ಎಲ್ಲ ತೇಲುತ್ತಿರುತ್ತವೆ. ಕೆಲವು ಮಧ್ಯಾಹ್ನ ಪೆಡಲ್ ತುಳಿಯುವುದನ್ನು ಬಿಟ್ಟು ಅದನ್ನೇ ನೋಡುತ್ತ ಕೂರುತ್ತೇನೆ. ಮಂಪರು ಅಂಟುರೋಗ ಎಂದು ಕಾಣುತ್ತದೆ.

ಇವರು ಕೆಲಸ ಕಲಿತದ್ದು ಕಾರ್ಬೊರೇಟರ್ ಕಾಲದಲ್ಲಿ, ಒಬ್ಬ ಸಿಡುಕು ಮೇಸ್ತ್ರಿಯ ಕೈಕೆಳಗೆ. ಆಮೇಲೆ ಕಾರುಗಳಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಒಂದು ಲೋಹದ ಪೆಟ್ಟಿಗೆ ಬಂದು ಕೂತಿತು. ಎಂಜಿನ್ನಿನ ಕಂಪ್ಯೂಟರು. ಹಳೆಯ ಮೇಸ್ತ್ರಿಗಳು ಅದನ್ನು ಕಂಡರೆ ಹಾವು ಕಂಡಂತೆ ಹಿಂದೆ ಸರಿಯುತ್ತಿದ್ದರು. ಇವರು ಮಾತ್ರ ಗುಜರಿಯಿಂದ ಕೆಟ್ಟ ಪೆಟ್ಟಿಗೆಗಳನ್ನು ತಂದು, ಬಿಚ್ಚಿ, ಅದರೊಳಗಿನ ಹಸಿರು ಹಲಗೆಯನ್ನು ಭೂತಗನ್ನಡಿಯಲ್ಲಿ ನೋಡುತ್ತ ನಾಲ್ಕು ವರ್ಷ ಕಳೆದರು. ನನಗೆ ಒಮ್ಮೆ ಹೀಗೆ ವಿವರಿಸಿದ್ದರು:

"ಆ ಪೆಟ್ಟಿಗೆ ದಿನವಿಡೀ ಪ್ರಶ್ನೆ ಕೇಳ್ತಾನೇ ಇರುತ್ತೆ ಕಣೆ. ನೀರೆಷ್ಟು ಬಿಸಿ, ಗಾಳಿ ಎಷ್ಟು ಬಂತು, ಕಾಲು ಎಷ್ಟು ಒತ್ತಿದೆ, ಎಂಜಿನ್ ತಿರುಗ್ತಿದೆಯಾ ಇಲ್ವಾ. ಒಂದೊಂದಕ್ಕೂ ಒಂದೊಂದು ಸೆನ್ಸರು ಉತ್ತರ ಕೊಡುತ್ತೆ. ಉತ್ತರ ಬರದೇ ಹೋದ್ರೆ, ಇಲ್ಲಾ ಅಸಂಬದ್ಧ ಬಂದ್ರೆ, ಪೆಟ್ಟಿಗೆ ಒಂದು ನಂಬರ್ ಬರೆದಿಟ್ಟುಕೊಂಡು ದೀಪ ಹಚ್ಚುತ್ತೆ. ಅಷ್ಟೇ ಅಲ್ಲ, ಆ ಕ್ಷಣಾನೇ ಹಿಡಿದಿಟ್ಟುಕೊಳ್ಳುತ್ತೆ. ಎಷ್ಟು ವೇಗ ಇತ್ತು, ಎಷ್ಟು ಬಿಸಿ ಇತ್ತು, ಕಾಲು ಎಲ್ಲಿತ್ತು."

"ಫೋಟೋ ತೆಗೆದ ಹಾಗೆ?"

"ಹ್ಞೂಂ. ಬರೀ ನಂಬರಿನ ಫೋಟೋ."

ಆ ನಂಬರು ದೂರು ಮಾತ್ರ, ಕಾಯಿಲೆಯಲ್ಲ ಎನ್ನುವುದು ಇವರ ಮುಖ್ಯ ಸಿದ್ಧಾಂತ. ಬೇರೆ ಗ್ಯಾರೇಜಿನವರು ನಂಬರು ಯಾವ ಸೆನ್ಸರಿನ ಹೆಸರು ಹೇಳಿತೋ ಆ ಸೆನ್ಸರನ್ನೇ ಕಿತ್ತು ಹೊಸದು ಹಾಕುತ್ತಾರೆ. ಠಾಣೆಗೆ ದೂರು ಕೊಡಲು ಹೋದವನನ್ನೇ ಒಳಗೆ ಹಾಕಿದ ಹಾಗೆ. ಇವರು ಹಾಗಲ್ಲ. ಮೊದಲು ಕಾರಿನಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ, ಓಡಿಸುವವರಿಂದ ಎಲ್ಲಿ, ಯಾವಾಗ, ಹೇಗೆ ಎಂದು ಕಥೆ ಹೇಳಿಸಿಕೊಳ್ಳುತ್ತಾರೆ. ಆಮೇಲೆ ಸ್ಕ್ಯಾನರ್ ಎಂಬ ಕೈಯಂತ್ರವನ್ನು ಕಾರಿಗೆ ಚುಚ್ಚಿ ಆ ನಂಬರು ಓದುತ್ತಾರೆ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಅಳಿಸುತ್ತಾರೆ, ಗಾಡಿ ಓಡಿಸುತ್ತಾರೆ. ಅಳಿಸಿದ ಮೇಲೂ ಮತ್ತೆ ಬಂದದ್ದು ನಿಜವಾದ ತೊಂದರೆ. ಬರದೇ ಹೋದದ್ದು ಯಾವುದೋ ಹಳೆಯ ಕಥೆ. ಓದು, ಬರಿ, ಅಳಿಸು, ಓಡಿಸು. ಇಪ್ಪತ್ತು ವರ್ಷದಿಂದ ಇದೇ ಕ್ರಮ. ಸ್ಕ್ಯಾನರು "ಅಳಿಸಲೇ?" ಎಂದು ಕೇಳುವುದೇ ತಡ, ಇವರ ಹೆಬ್ಬೆರಳು ಅದರ ಪಾಡಿಗೆ ಅದು "ಹೌದು" ಒತ್ತಿರುತ್ತದೆ. ಊಟಕ್ಕೆ ಮುಂಚೆ ಕೈ ತೊಳೆಯುವುದನ್ನು ಯಾರಾದರೂ ಯೋಚಿಸಿ ಮಾಡುತ್ತಾರೆಯೇ?

ಒಂದು ಗುರುವಾರ ಮಧ್ಯಾಹ್ನ ಅಣ್ಣನ ಗಾಡಿ ಡಿವೈಡರಿಗೆ ಬಡಿಯಿತು.

ಲ್ಯಾಬಿನಿಂದ ಒಬ್ಬ ಅಜ್ಜಿಯನ್ನು ಕರೆದುಕೊಂಡು ಬರುತ್ತಿದ್ದ. ಮೇಲ್ಸೇತುವೆಯಿಂದ ಇಳಿಯುವಾಗ ಎಂಜಿನ್ನು ತಾನಾಗಿಯೇ ಸತ್ತುಹೋಯಿತಂತೆ. ಎಂಜಿನ್ ನಿಂತರೆ ಸ್ಟಿಯರಿಂಗು ಕಲ್ಲಿನ ಹಾಗಾಗುತ್ತದೆ, ಬ್ರೇಕಿನ ಪೆಡಲ್ಲು ಒತ್ತಲಾರದಷ್ಟು ಗಟ್ಟಿಯಾಗುತ್ತದೆ. ಎರಡೂ ಕಾಲು ಕೊಟ್ಟು ಒತ್ತಿದರೂ ಗಾಡಿ ಹೋಗಿ ತಗುಲಿತು. ಅಜ್ಜಿಯ ಮಣಿಕಟ್ಟು ಮುರಿಯಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ಗಾಡಿ ತೆಗೆಯಲು ನರ್ಸಿಂಗ್ ಹೋಮಿನಿಂದ ಬಂದ ಬೇರೊಬ್ಬ ಡ್ರೈವರು, ಒಬ್ಬ ಕುಳ್ಳ, ಕೀ ತಿರುಗಿಸಿದ ಕೂಡಲೇ ಎಂಜಿನ್ನು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗಿಬಿಟ್ಟಿತು. ಅಣ್ಣನ ಮಾತಿಗೆ ಅಲ್ಲಿಗೆ ಬೆಲೆ ಹೋಯಿತು.

"ಮಧ್ಯಾಹ್ನದ ಹೊತ್ತು, ಸೆಕೆ ಬೇರೆ, ತೂಕಡಿಸಿದ್ದೀರಿ. ಒಪ್ಪಿಕೊಂಡುಬಿಡಿ" ಎಂದರು ಮ್ಯಾನೇಜರು. ಒಪ್ಪಿಕೊಂಡರೆ ಕೆಲಸ ಹೋಗುತ್ತದೆ. ಒಪ್ಪದಿದ್ದರೂ ಹೋಗುತ್ತದೆ, ಜೊತೆಗೆ "ಗಾಡಿ ಓಡಿಸುವಾಗ ನಿದ್ದೆ" ಎಂದು ಬರೆದ ಕಾಗದವೂ ಲೈಸೆನ್ಸ್ ಕಚೇರಿಗೆ ಹೋಗುತ್ತದೆ. ನಲವತ್ತು ದಾಟಿದ, ಬೇರೆ ಕೆಲಸ ಬಾರದ ಮನುಷ್ಯ ಅವನು. ಅಣ್ಣ ಕೈಮುಗಿದು ಒಂದೇ ಒಂದು ಮಾತು ಕೇಳಿದ: ಗಾಡಿಯ ಕಂಪ್ಯೂಟರನ್ನು ಓದಿಸಿ, ನಮ್ಮ ಭಾವ ಓದುತ್ತಾರೆ. ಅವನೂ ಇವರೂ ಒಬ್ಬರನ್ನೊಬ್ಬರು ಕರೆಯುವುದು ಭಾವ ಎಂದೇ. ಮ್ಯಾನೇಜರು ಕೆಟ್ಟವರೇನಲ್ಲ. "ಸೋಮವಾರ ಹತ್ತು ಗಂಟೆವರೆಗೆ ಗಾಡಿ ಇಟ್ಕೊಳ್ಳಿ. ಬಾಯಿಮಾತು ಬೇಡ, ಪ್ರಿಂಟ್ ತನ್ನಿ" ಎಂದರು.

ಶುಕ್ರವಾರ ಬೆಳಗ್ಗೆ, ಮೂತಿ ನೆಗ್ಗಿದ ಆ ಬಿಳಿ ಗಾಡಿ ನಮ್ಮ ಶೆಡ್ಡಿಗೆ ಬಂತು. ಇವರು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು. ಅಣ್ಣ ಕಿಟಕಿಯ ಹೊರಗೆ ನಿಂತು ಕಥೆ ಶುರುಮಾಡಿದ. ಸ್ಕ್ಯಾನರು ಇವರ ತೊಡೆಯ ಮೇಲಿತ್ತು. ನಾನು ಸೂಜಿಗೆ ನೂಲು ಪೋಣಿಸುತ್ತ ಕೇಳುತ್ತಿದ್ದೆ. ಸೇತುವೆ, ಇಳಿಜಾರು, ಒಮ್ಮೆಲೇ ಬಂದ ಮೌನ, ಟೈರಿನ ಸದ್ದು ಮಾತ್ರ. ಅಣ್ಣ ಹೇಳುವ ರೀತಿಯೇ ಹಾಗೆ, ನಾವೂ ಆ ಗಾಡಿಯಲ್ಲಿ ಕೂತು ಇಳಿಯುತ್ತಿದ್ದೆವು. ಇವರು ಅರೆಗಣ್ಣು ತೆರೆದು ಸ್ಕ್ಯಾನರ್ ನೋಡಿದರು, ಮತ್ತೆ ಮುಚ್ಚಿದರು. ಆಗ ಸಣ್ಣದೊಂದು ಬೀಪ್ ಕೇಳಿಸಿತು.

ಆ ಬೀಪು ನನಗೆ ಚೆನ್ನಾಗಿ ಗೊತ್ತು. ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಸೂಜಿ ಬೆರಳಿಗೆ ಚುಚ್ಚಿತು.

"ಏನ್ರೀ ಮಾಡಿದ್ರಿ?" ಎಂದೆ.

ಇವರು ಪೂರ್ತಿ ಕಣ್ಣು ತೆರೆದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಆ ಕಣ್ಣುಗಳನ್ನು ಅಷ್ಟು ಅಗಲವಾಗಿ ನಾನು ನೋಡಿರಲಿಲ್ಲ. "ಅಳಿಸಿಬಿಟ್ಟೆ" ಎಂದರು.

ಓದಿದ್ದರು. ಬರೆದಿರಲಿಲ್ಲ. ಪ್ರಿಂಟು ತೆಗೆದಿರಲಿಲ್ಲ. ಕಥೆಯ ಗುಂಗಿನಲ್ಲಿ ನಡುವಿನ ಹೆಜ್ಜೆ ಹಾರಿಹೋಗಿತ್ತು. ನನಗೆ ಎಲ್ಲಿತ್ತೋ ಆ ಸಿಟ್ಟು. "ಕಣ್ಣು ಬಿಟ್ಟು ಕೆಲಸ ಮಾಡೋಕೆ ನಿಮಗೇನು ಬಂದಿದೆ ರೋಗ? ಜಗತ್ತೆಲ್ಲ ನಿಮ್ಮನ್ನ ಮಂಪರು ಅನ್ನೋದು ಸುಮ್ನೇನಾ? ನನ್ನ ಅಣ್ಣನ ಅನ್ನಕ್ಕೇ ಕಲ್ಲು ಹಾಕಿದ್ರಲ್ರೀ" ಎಂದು ಕೂಗಾಡಿದೆ. ಟೈರ್ ಅಂಗಡಿಯವನು ಇಣುಕಿ ನೋಡಿ ತಲೆ ಒಳಗೆಳೆದುಕೊಂಡ. ಇವರು ಒಂದು ಮಾತೂ ಎದುರಾಡಲಿಲ್ಲ. ಎದುರಾಡಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

"ಏನು ಕಾಣಿಸ್ತು, ಅದಾದ್ರೂ ನೆನಪಿದೆಯಾ?"

"ನಂಬರ್ ನೆನಪಿದೆ. ಎಂಜಿನ್ ತಿರುಗ್ತಿದೆ ಅಂತ ಹೇಳೋ ಸೆನ್ಸರಿನ ದೂರು. ಅದರ ಉತ್ತರ ನಿಂತುಹೋದ್ರೆ, ತಿರುಗ್ತಿರೋ ಎಂಜಿನ್ನನ್ನೇ ನಿಂತಿದೆ ಅಂತ ನಂಬಿ ಪೆಟ್ಟಿಗೆ ಪೆಟ್ರೋಲ್ ಕಟ್ ಮಾಡಿಬಿಡುತ್ತೆ. ಭಾವ ಹೇಳಿದ್ದು ನಿಜ."

"ಮತ್ತಿನ್ನೇನು, ಅದನ್ನೇ ಬರೆದುಬಿಡಿ! ವೇಗ ಇಷ್ಟು, ಕಾಲು ಇಲ್ಲಿತ್ತು ಅಂತ ಒಂದು ಅಂದಾಜು ಹಾಕಿ ಟೈಪ್ ಮಾಡಿಸಿ. ಯಾರಿಗೆ ಗೊತ್ತಾಗುತ್ತೆ?"

ಇವರು ನನ್ನ ಕಡೆ ನೋಡಲಿಲ್ಲ. "ವೇಗ ನೋಡಿದ್ದು ನೆನಪಿಲ್ಲ. ಕಾಲು ಎಲ್ಲಿತ್ತು ನೆನಪಿಲ್ಲ. ಗೊತ್ತಿಲ್ಲದ್ದನ್ನ ಹೇಗೆ ಬರೀಲಿ?" ಎಂದರು. ಅಣ್ಣನೂ, "ಬೇಡ ಪುಟ್ಟಿ, ಸುಳ್ಳು ಬೇಡ" ಎಂದ. ಇಬ್ಬರು ಹರಿಶ್ಚಂದ್ರರ ನಡುವೆ ನಾನೊಬ್ಬಳು ಕಳ್ಳಿ. ಹಲ್ಲು ಕಡಿದುಕೊಂಡು ಮೆಷೀನಿನ ಮುಂದೆ ಕೂತೆ, ಆ ದಿನ ಹೊಲಿದದ್ದನ್ನೆಲ್ಲ ಮಾರನೇ ದಿನ ಬಿಚ್ಚಬೇಕಾಯಿತು.

ಉಳಿದದ್ದು ಒಂದೇ ದಾರಿ. ಸತ್ತ ಎಂಜಿನ್ನು ಇನ್ನೊಮ್ಮೆ ಸಾಯಬೇಕು, ಸೋಮವಾರದ ಒಳಗೆ.

ಮೇಲ್ಸೇತುವೆಯಲ್ಲಿ ಆ ಆಟ ಆಡುವಂತಿರಲಿಲ್ಲ. ಗೋದಾಮುಗಳ ಹಿಂದೆ ಒಂದು ಅಗಲವಾದ, ಖಾಲಿ ರಸ್ತೆಯಿದೆ. ರೈಲು ನಿಂತುಹೋದ ಹಳಿಯೊಂದನ್ನು ದಾಟುವಲ್ಲಿ ಅದು ಉಬ್ಬಿ ಇಳಿಯುತ್ತದೆ. ಶುಕ್ರವಾರ ಮಧ್ಯಾಹ್ನದಿಂದ ನಾವು ಮೂವರೂ ಅಲ್ಲಿ ಓಡಾಡಿದೆವು. ಅಣ್ಣ ಓಡಿಸುವುದು, ಇವರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುವುದು, ನಾನು ಹಿಂದೆ, ಅಜ್ಜಿ ಕೂತಿದ್ದ ಜಾಗದಲ್ಲಿ. "ಅಜ್ಜಿ ತೂಕಕ್ಕೆ ನೀನು ಸರಿಹೋಗ್ತೀಯ" ಎಂದು ಅಣ್ಣ ನಗಿಸಲು ನೋಡಿದ. ನಾನು ನಗಲಿಲ್ಲ.

ಆ ಮಧ್ಯಾಹ್ನಗಳು ಈಗ ನೆನಪಾದರೆ ನಡೆದವೋ ಕನಸೋ ಎನ್ನಿಸುತ್ತದೆ. ಹೋಗುವುದು, ಉಬ್ಬು ಹತ್ತಿ ಇಳಿಯುವುದು, ತಿರುಗುವುದು, ಮತ್ತೆ ಬರುವುದು. ಗೋದಾಮಿನ ನೀಲಿ ಬಾಗಿಲು, ಹಸಿರು ಬಾಗಿಲು, ಬಣ್ಣ ಹೋದ ಬಾಗಿಲು, ಮತ್ತೆ ಅದೇ ನೀಲಿ. ಒಂದು ನಾಯಿ ಮೊದಲ ಐದಾರು ಸಲ ಬೊಗಳಿತು, ಆಮೇಲೆ ನಾವೂ ಆ ರಸ್ತೆಯವರೇ ಎಂದುಕೊಂಡು ಮಲಗಿತು. ಎಂಜಿನ್ನಿನ ಸದ್ದಿಗೆ ನನ್ನ ರೆಪ್ಪೆ ಭಾರವಾಗುತ್ತಿತ್ತು. ಅರೆನಿದ್ದೆಯಲ್ಲಿ ನಾನು ಸೈಕಲ್ಲಿನ ಬಾರಿನ ಮೇಲಿದ್ದೆ, ಅಣ್ಣನ ಗದ್ದ ತಲೆಗೆ ತಾಗುತ್ತಿತ್ತು, ಇಳಿಜಾರಿನಲ್ಲಿ ಅವನು ಪೆಡಲ್ ಬಿಟ್ಟು "ಹಾರ್ತಾ ಇದ್ದೀವಿ ಪುಟ್ಟಿ" ಎನ್ನುತ್ತಿದ್ದ. ಎಚ್ಚರವಾದಾಗ ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು. ಅಷ್ಟು ಬೇಗ ಅವನಿಗೆ ವಯಸ್ಸಾದದ್ದು ನಾನು ಗಮನಿಸಿಯೇ ಇರಲಿಲ್ಲ.

ಎಂಜಿನ್ನು ಮಾತ್ರ ಸಾಯಲಿಲ್ಲ. ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತ ಓಡಿತು.

ಇವರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರು. "ಭಾವ, ಆ ದಿನ ಬೆಳಗ್ಗೆಯಿಂದ ಹೇಳಿ." ಅಣ್ಣ ಹೇಳುತ್ತಿದ್ದ. ಎಂಟಕ್ಕೆ ಗಾಡಿ ತೊಳೆದದ್ದು, ಹನ್ನೊಂದಕ್ಕೆ ಅಜ್ಜಿಯ ಮನೆ, ಹನ್ನೆರಡಕ್ಕೆ ಲ್ಯಾಬು. ಅಲ್ಲಿ ನೆರಳಿಲ್ಲದ ಕಡೆ ನಿಲ್ಲಿಸಿದ್ದು. ನಲವತ್ತು ನಿಮಿಷದ ಮೇಲೆ ಅಜ್ಜಿ ಬಂದದ್ದು.

"ಆ ನಲವತ್ತು ನಿಮಿಷ ಏನು ಮಾಡಿದ್ರಿ?"

"ಕೂತಿದ್ದೆ."

ಬಿಸಿಲಿಗೆ ಏನಾದರೂ ಕಾದಿರಬಹುದು ಎಂದು ಶನಿವಾರ ನಡುಮಧ್ಯಾಹ್ನ ಗಾಡಿಯನ್ನು ನಲವತ್ತು ನಿಮಿಷ ಸುಡುಬಿಸಿಲಲ್ಲಿ ನಿಲ್ಲಿಸಿ ಓಡಿಸಿದೆವು. ಏನೂ ಆಗಲಿಲ್ಲ. ಇವರು ಬಗ್ಗಿ ಪೆಟ್ಟಿಗೆಯನ್ನು ನೋಡಿದರು. ಆ ಗಾಡಿಯಲ್ಲಿ ಪೆಟ್ಟಿಗೆ ಇರುವುದು ಡ್ರೈವರ್ ಸೀಟಿನ ಅಡಿಯಲ್ಲಿ. ಅದರ ವೈರುಗಳ ಕಟ್ಟು ಸೀಟಿನ ಹಳಿಯ ಪಕ್ಕದಲ್ಲೇ ಕಾರ್ಪೆಟ್ಟಿನೊಳಗೆ ಹೋಗುತ್ತದೆ. ವೈರುಗಳು ನೋಡಲು ಸರಿಯಾಗಿಯೇ ಇದ್ದವು. "ಏನೋ ಒಂದು ಹೆಜ್ಜೆ ಬಿಟ್ಟುಹೋಗಿದೆ" ಎಂದರು. "ನಿಮ್ಮ ಹಾಗೇನೇ" ಎಂದೆ ನಾನು. ಇನ್ನೂ ಸಿಟ್ಟು ಇಳಿದಿರಲಿಲ್ಲ.

ಭಾನುವಾರ ಬೆಳಗ್ಗೆ ಹತ್ತರ ಬಿಸಿಲು ನನ್ನ ಮೆಷೀನಿನ ಮೇಲೆ ಬೀಳದೆ, ಅಡ್ಡ ನಿಲ್ಲಿಸಿದ್ದ ಆ ಗಾಡಿಯೊಳಗೆ ಬಿದ್ದಿತ್ತು. ಅದರ ಸೀಟ್ ಕವರುಗಳನ್ನು ಆರು ತಿಂಗಳ ಹಿಂದೆ ನಾನೇ ಹೊಲಿದಿದ್ದು. ಮಾಡಲು ಬೇರೆ ಕೆಲಸ ತೋಚದೆ, ಹೊಲಿಗೆ ಹೇಗಿದೆಯೆಂದು ನೋಡಲು ಹಿಂದಿನ ಸೀಟಿನಲ್ಲಿ ಕೂತೆ. ಡ್ರೈವರ್ ಸೀಟಿನ ಹಿಂದೆ, ಹಿಂಬದಿಯ ಸೀಟಿನ ಅಂಚಿನಲ್ಲಿ ಬಟ್ಟೆಯ ಮೇಲೊಂದು ಅಡ್ಡ ಗೆರೆ ಒತ್ತಿ ಮೂಡಿತ್ತು. ಯಾವುದೋ ಗಟ್ಟಿ ವಸ್ತು ತುಂಬ ಹೊತ್ತು ಅದುಮಿಕೊಂಡಿದ್ದ ಗುರುತು. ಬೆರಳಿನಿಂದ ಅಳತೆ ಹಿಡಿದೆ. ಮುಂದಿನ ಸೀಟಿನ ಬೆನ್ನಿನ ಅಂಚು ಎಷ್ಟು ಅಗಲವೋ ಗೆರೆಯೂ ಅಷ್ಟೇ ಅಗಲ. ಮುಂದಿನ ಸೀಟನ್ನು ಕೊನೆಯವರೆಗೂ ಹಿಂದಕ್ಕೆ ತಳ್ಳಿ, ಬೆನ್ನನ್ನು ಪೂರ್ತಿ ಮಲಗಿಸಿದರೆ ಮಾತ್ರ ಅದು ಅಲ್ಲಿಗೆ ಮುಟ್ಟುತ್ತದೆ. ಹಾಗೆ ಕೂತು ಯಾರೂ ಗಾಡಿ ಓಡಿಸುವುದಿಲ್ಲ.

ಅಣ್ಣ ಹೊರಗೆ ಬಕೆಟ್ಟಿನ ಮೇಲೆ ಕೂತಿದ್ದ. ಹತ್ತಿರ ಹೋಗಿ ಕೂತೆ.

"ಅಣ್ಣಾ, ಲ್ಯಾಬಿನ ಹತ್ರ ನೀನು ಕೂತಿರಲಿಲ್ಲ ಅಲ್ವಾ?"

ಅವನು ತನ್ನ ಅಂಗೈ ನೋಡಿಕೊಂಡ. "ಹಿಂದಿನ ರಾತ್ರಿ ಡಬಲ್ ಡ್ಯೂಟಿ ಇತ್ತು ಕಣೆ. ಅಜ್ಜಿ ಒಳಗೆ ಹೋದ್ಮೇಲೆ ಸೀಟು ಮಲಗಿಸ್ಕೊಂಡು ಅರ್ಧ ಗಂಟೆ ನಿದ್ದೆ ಮಾಡ್ದೆ. ಅಜ್ಜಿ ಗಾಜು ತಟ್ಟಿದ್ರು, ಎದ್ದೆ, ಮುಖ ತೊಳೆದುಕೊಂಡೇ ಗಾಡಿ ತೆಗೆದಿದ್ದು. ಆಣೆ ಮಾಡಿ ಹೇಳ್ತೀನಿ, ಓಡಿಸುವಾಗ ಪೂರ್ತಿ ಎಚ್ಚರ ಇತ್ತು. ಆದ್ರೆ ಮಲಗಿದ್ದೆ ಅಂತ ಬಾಯಿಬಿಟ್ರೆ ಅಲ್ಲಿಗೆ ಮುಗೀತಲ್ಲ. ನೋಡಿ, ಇವನೇ ಒಪ್ಕೊಂಡ ಅಂತಾರೆ." ಅಂಗೈಯನ್ನು ತೊಡೆಗೆ ಒರೆಸಿಕೊಂಡ. "ಭಾವನ ಹತ್ರಾನೂ ಮುಚ್ಚಿಟ್ಟೆ."

ಬಾಗಿಲಲ್ಲಿ ಇವರು ನಿಂತಿದ್ದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಬೈಯುತ್ತಾರೆ ಎಂದುಕೊಂಡೆ. ಇವರ ಮುಖದಲ್ಲಿ ನಿಧಾನವಾಗಿ ಒಂದು ನಗು ಹರಡಿತು.

"ಹೇಗೆ ಮಲಗಿದ್ರಿ, ತೋರಿಸಿ ಭಾವ."

ಅಂದು ಮಧ್ಯಾಹ್ನ ಹನ್ನೆರಡಕ್ಕೆ ಗೋದಾಮಿನ ರಸ್ತೆಯಲ್ಲಿ, ನೆರಳಿಲ್ಲದ ಕಡೆ ಗಾಡಿ ನಿಲ್ಲಿಸಿದೆವು. ಅಣ್ಣ ಸೀಟನ್ನು ಕೊನೆಯವರೆಗೂ ಹಿಂದಕ್ಕೆ ತಳ್ಳಿದ. ಕಟಕ್ಕೆಂದು ಸದ್ದಾಯಿತು. ಬೆನ್ನನ್ನು ಮಲಗಿಸಿದ. "ಈಗ ನಿದ್ದೆ ಮಾಡಿ" ಎಂದರು ಇವರು. ನಿದ್ದೆ ಮಾಡು ಎಂದರೆ ಬರುತ್ತದೆಯೇ ಎಂದು ನಾನು ಗೊಣಗಿದೆ. ಆದರೆ ಮೂರು ದಿನದಿಂದ ಕಣ್ಣಿಗೆ ನಿದ್ದೆ ಹತ್ತದವನು ಐದು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದ. ಮನಸ್ಸಿನ ಭಾರ ಇಳಿದಿತ್ತಲ್ಲ. ಇವರೂ ಪಕ್ಕದಲ್ಲಿ ಕಣ್ಣು ಮುಚ್ಚಿದರು. ಕಿಟಕಿ ತೆರೆದಿದ್ದರೂ ಒಳಗೆ ಬೇಯುವ ಸೆಕೆ. ದೂರದಲ್ಲಿ ತಗಡು ಕಾದು ಚಟಚಟ ಎನ್ನುತ್ತಿತ್ತು. ಜಗತ್ತಿನಲ್ಲಿ ಎಲ್ಲರೂ ಮಲಗಿದ್ದಾರೆ, ನಾನೊಬ್ಬಳು ಕಾವಲಿಗಿದ್ದೇನೆ ಎನ್ನಿಸಿತು. ಗಂಡನ ಮೇಲಿನ ಸಿಟ್ಟು ಆ ನಲವತ್ತು ನಿಮಿಷದಲ್ಲಿ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಹೊತ್ತಾದ ಮೇಲೆ ಹೊರಗಿಳಿದು, ಅಜ್ಜಿಯ ಹಾಗೆ ಗಾಜು ತಟ್ಟಿದೆ. ಅಣ್ಣ ಎದ್ದ. ಮುಖ ತೊಳೆದು, ಸೀಟನ್ನು ಮುಂದಕ್ಕೆ ತನ್ನ ಅಳತೆಗೆ ತಂದುಕೊಂಡ. ಇವರು ಸ್ಕ್ಯಾನರನ್ನು ಚುಚ್ಚಿ, ವೈರು ಎಳೆದು, ಹಿಂದೆ ನನ್ನ ತೊಡೆಯ ಮೇಲಿಟ್ಟರು.

"ಇದು ನಿನ್ನ ಹತ್ರ ಇರಲಿ. ಏನೇ ಬಂದ್ರೂ ಯಾವ ಬಟನ್ನೂ ಮುಟ್ಟಬೇಡ."

"ನಾನು ಮುಟ್ಟಲ್ಲ. ನೀವು?"

ಇವರು ತಮ್ಮ ಬಲಗೈಯನ್ನು, ಅದು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. "ಇದು ಬಂದ್ರೆ, ಒಂದು ಏಟು ಬಿಡು" ಎಂದರು.

ಗಾಡಿ ಹೊರಟಿತು. ನೀಲಿ ಬಾಗಿಲು, ಹಸಿರು ಬಾಗಿಲು. ಉಬ್ಬು ಹತ್ತಿತು. ಹಳಿ ದಾಟಿ ಚಕ್ರ ದಡಕ್ಕೆಂದಿತು, ಮೂತಿ ಕೆಳಗಾಯಿತು, ಎಂಜಿನ್ನು ಸತ್ತಿತು.

ಅಣ್ಣ ಹೇಳಿದ್ದ ಮೌನ ಅದೇ. ಟೈರಿನ ಸರಸರ ಒಂದೇ ಉಳಿದಿತ್ತು. ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು, ನನ್ನ ತೊಡೆಯ ಮೇಲೆ ಅಂಕಿಗಳು ಒಂದರ ಕೆಳಗೊಂದು ಬಂದು ನಿಂತವು. ವೇಗ ನಲವತ್ತೊಂದು. ಎಂಜಿನ್ನಿನ ಸುತ್ತು ಸೊನ್ನೆ. ಆಕ್ಸಿಲರೇಟರಿನ ಮೇಲೆ ಕಾಲು, ನೂರಕ್ಕೆ ಹನ್ನೆರಡು. ಗಾಡಿ ತೇಲಿಕೊಂಡು ಹೋಗಿ ನಾಯಿಯ ಪಕ್ಕದಲ್ಲಿ ನಿಂತಿತು. ಆಗ ಮುಂದಿನ ಸೀಟಿನಿಂದ ಇವರ ಕೈ ಹಿಂದಕ್ಕೆ ಬಂತು. ಕಣ್ಣು ಮುಚ್ಚಿಯೇ ಇತ್ತು, ಮುಖದ ತುಂಬ ಕನಸು ಕಂಡವರ ನಗು. ಹೆಬ್ಬೆರಳು ಆಗಲೇ ಮೇಲೆದ್ದಿತ್ತು. ಪರದೆಯ ಮೇಲೆ ಕೇಳುತ್ತಿತ್ತು: ಅಳಿಸಲೇ?

ಹೊಡೆಯಲಿಲ್ಲ. ಎರಡೂ ಕೈಯಿಂದ ಆ ಕೈಯನ್ನು ಹಿಡಿದುಕೊಂಡೆ.

"ಬಿಡೆ, ನೋವಾಗುತ್ತೆ."

"ಬಿಡಲ್ಲ. ಮೊದ್ಲು ಪ್ರಿಂಟು."

ಅಣ್ಣ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಅಳುತ್ತಿದ್ದ. ನನ್ನ ಮದುವೆಯ ದಿನವೂ ಅಳದಿದ್ದ ಮನುಷ್ಯ.

ಶೆಡ್ಡಿಗೆ ಮರಳಿ, ಪ್ರಿಂಟು ತೆಗೆದ ಮೇಲೆ ಸೀಟು ಎತ್ತಿ ನೋಡಿದೆವು. ಸೀಟು ಪೂರ್ತಿ ಹಿಂದೆ ಹೋದಾಗ ಅದರಡಿಯ ತಗಡಿನ ಅಂಚು ವೈರಿನ ಕಟ್ಟಿಗೆ ಕೊಕ್ಕೆಯ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ಮುಂದೆ ಎಳೆದಾಗ ಆ ಸೆನ್ಸರಿನದೇ ಒಂದು ಎಳೆ ಬಿಗಿಯಾಗಿ, ಒಳಗೊಳಗೇ ತುಂಡಾಗಿದ್ದ ತಂತಿ ಕುಲುಕಿಗೆ ಬಿಟ್ಟುಕೊಳ್ಳುತ್ತಿತ್ತು. ಗುರುವಾರ ಆ ಕುಳ್ಳ ಡ್ರೈವರು ಕಾಲು ಎಟುಕದೆ ಸೀಟನ್ನು ಪೂರ್ತಿ ಮುಂದಕ್ಕೆಳೆದು ಗೊತ್ತಿಲ್ಲದೆಯೇ ಕೊಕ್ಕೆ ಬಿಡಿಸಿದ್ದ, ಅದಕ್ಕೇ ಎಂಜಿನ್ನು ಸ್ಟಾರ್ಟ್ ಆಗಿತ್ತು. ಸೂಜಿಯ ದಪ್ಪವೂ ಇಲ್ಲದ ತಂತಿ. ಅದನ್ನು ಇವರು ಸರಿಮಾಡಲಿಲ್ಲ, ಇದ್ದ ಹಾಗೆಯೇ ಬಿಟ್ಟು ಕೆಂಪು ದಾರ ಕಟ್ಟಿದರು. ದಾರ ನನ್ನದು.

ಸೋಮವಾರ ಹತ್ತಕ್ಕೆ ಮ್ಯಾನೇಜರು ಕಾಗದವನ್ನು ಎರಡು ಸಲ ಓದಿದರು. ಕೆಳಗಿಳಿದು ಬಂದು, ಬಗ್ಗಿ ಟಾರ್ಚ್ ಬಿಟ್ಟು ಕೆಂಪು ದಾರ ಕಟ್ಟಿದ್ದ ಕಡೆ ನೋಡಿದರು.

"ಇದು ನಿನ್ನೆಯ ಪ್ರಿಂಟು. ಗುರುವಾರದ್ದು ಎಲ್ಲಿ?"

"ಅದನ್ನ ನಾನು ಅಳಿಸಿಬಿಟ್ಟೆ ಸಾರ್. ನನ್ನ ತಪ್ಪು" ಎಂದರು ಇವರು.

"ಸರಿ, ಗುರುವಾರ ಸೀಟು ಅಷ್ಟು ಹಿಂದೆ ಯಾಕೆ ಹೋಗಿತ್ತು?"

ಅದೇ ಪ್ರಶ್ನೆಗೆ ನಾವು ಹೆದರಿದ್ದು. ನಾನು ಬಾಯಿ ತೆರೆದೆ, ಏನಾದರೂ ಹೇಳಿಬಿಡೋಣ ಎಂದು. ಅಣ್ಣ ನನಗಿಂತ ಮೊದಲು ಹೇಳಿದ:

"ಮಲಗಿದ್ದೆ ಸಾರ್. ನಿಂತಿರೋ ಗಾಡೀಲಿ ಮಲಗಿದ್ದೆ. ಓಡೋ ಗಾಡೀಲಿ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಮಲಗಿಲ್ಲ."

ಮ್ಯಾನೇಜರು ಅವನ ಮುಖವನ್ನೇ ನೋಡಿದರು. "ಗೊತ್ತು" ಎಂದರು. "ಗಾಜು ತಟ್ಟಿ ಎಬ್ಬಿಸಿದ್ದು ತಾವೇ ಅಂತ ಅಜ್ಜಿ ಶುಕ್ರವಾರವೇ ಹೇಳಿದ್ರು. ನೀವಾಗಿ ಹೇಳ್ತೀರಾ ಅಂತ ಕಾಯ್ತಿದ್ದೆ. ಹೇಳದೇ ಇದ್ದಿದ್ರೆ ಈ ಕಾಗದಾನೂ ನಾನು ನಂಬ್ತಾ ಇರಲಿಲ್ಲ." ಜೇಬಿನಿಂದ ಇನ್ನೊಂದು ಗಾಡಿಯ ಕೀ ತೆಗೆದು ಅಣ್ಣನ ಅಂಗೈಯಲ್ಲಿಟ್ಟರು. "ಅಜ್ಜಿ ಇವತ್ತು ಕೈ ತೋರಿಸೋಕೆ ಬರಬೇಕು. ಬೇರೆ ಡ್ರೈವರ್ ಕಳಿಸಿದ್ರೆ ಬರಲ್ಲ ಅಂದಿದ್ದಾರೆ."

ಅಣ್ಣ ನಮ್ಮನ್ನು ಓಣಿಯ ತುದಿಯವರೆಗೆ ಬಿಟ್ಟು ಹೋಗುತ್ತೇನೆ ಎಂದ. ಹಿಂದಿನ ಸೀಟಿನಲ್ಲಿ ನಾವಿಬ್ಬರು. ಮೇಲ್ಸೇತುವೆ ಹತ್ತುವಾಗ ನನಗೆ ಭಯವಾಗಿ ಇವರ ಕೈ ಹಿಡಿದೆ. ಇಳಿಯುವಾಗ ಅಣ್ಣ ಕನ್ನಡಿಯಲ್ಲಿ ನೋಡಿ, "ಭಾವ ಮಲಗಿದ್ರಾ?" ಎಂದ. ತಿರುಗಿ ನೋಡಿದೆ. ಕಣ್ಣು ಮುಚ್ಚಿತ್ತು, ಹುಬ್ಬು ಗಂಟಿಕ್ಕಿತ್ತು.

"ಹ್ಞೂಂ, ಈಗ ನಿಜವಾಗ್ಲೂ ಮಲಗಿದ್ದಾರೆ. ನಿಧಾನಕ್ಕೆ ಹೋಗಣ್ಣ" ಎಂದೆ.